ಹುಳುಮನೆಯ ಪಕ್ಕದಲ್ಲಿ ನಮ್ಮ ಶಾಲೆ

ಈ ಮನೆಗೆ ಬಾಡಿಗೆಗೆ ಬಂದ ದಿನ ಒಡತಿ ಜಯಮ್ಮ ನಮ್ಮ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಎಷ್ಟು ಜನ ಇರುತ್ತೀರಿ ಎಂದೂ ಕೇಳಲಿಲ್ಲ. ಬಾಗಿಲಿಗೆ ಅಡ್ಡ ನಿಂತು, “ಸೊಳ್ಳೆ ಬತ್ತಿ ಅಚ್ತೀರಾ?” ಎಂದರು. ಹಚ್ಚುತ್ತೇವೆ ಎಂದೆ.

“ಅಚ್ಚಂಗಿಲ್ಲ. ಅದ್ರ ಒಗೆ ತಾಕುದ್ರೆ ನಮ್ಮ ಉಳ ಸತ್ತೋಯ್ತವೆ. ಪರದೆ ಕಟ್ಕಳಿ.”

ಗದಗಿನಿಂದ ಸಾಮಾನು ಹೇರಿಕೊಂಡು ಬಂದ ಲಾರಿ ಇನ್ನೂ ರಸ್ತೆಯಲ್ಲೇ ನಿಂತಿತ್ತು. ಸಾಯುವ ಹುಳುವಿಗಾಗಿ ಇಷ್ಟು ಮರುಗುವ ಹೆಂಗಸನ್ನು ನಾನು ಎಲ್ಲೂ ನೋಡಿರಲಿಲ್ಲ. ಅದು ರೇಷ್ಮೆ ಹುಳು ಎಂದು ತಿಳಿಯಲು ಅರ್ಧ ದಿನ ಹಿಡಿಯಿತು. ವಿರೂಪಾಕ್ಷಿಪುರದ ಆ ಮನೆಯಲ್ಲಿ ನಮಗೂ ಹುಳುಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ನಮ್ಮ ಮನೆಯವರದು ಹಾಲಿನ ಡೈರಿಗಳ ಯಂತ್ರ ರಿಪೇರಿ ಮಾಡುವ ಕೆಲಸ. ಚನ್ನಪಟ್ಟಣ ತಾಲ್ಲೂಕಿಗೆ ಹಾಕಿದರು, ಬಂದೆವು. ಜೋಳದ ರೊಟ್ಟಿ ಬಡಿಯುವ ಕೈಗೆ ಮುದ್ದೆ ತಿರುಗಿಸಲು ಬರಲಿಲ್ಲ. ನನ್ನ ಮುದ್ದೆಯಲ್ಲಿ ಗಂಟು ಕಂಡು ಜಯಮ್ಮ, “ಒಸಿ ನೀರು ಎಸ್ರು ಬರ್ಲಿ ಕಣವ್ವ, ಆಮೇಲೆ ಇಟ್ಟು ಉಯ್ಯಿ,” ಎಂದು ಕೋಲು ಕಸಿದುಕೊಂಡಿದ್ದರು. ಒಸಿ ಎಂದರೆ ಸ್ವಲ್ಪ. ನಮ್ಮ ಕಡೆ ಮಕ್ಕಳನ್ನು ‘ಅಪ್ಪಾ’, ‘ಅವ್ವಾ’ ಎಂದು ಕರೆಯುತ್ತೇವೆ. ಇಲ್ಲಿ ನನ್ನ ಏಳು ವರ್ಷದ ಶಿವುವನ್ನು ಬೀದಿಯವರೆಲ್ಲ “ಏನ್ಲಾ” ಎನ್ನುವಾಗ ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಅವನಿಗೆ ಮಾತ್ರ ಅದು ಬಲು ಇಷ್ಟವಾಯಿತು.

ಶಿವುವಿಗೆ ಅಕ್ಷರ ಹಿಡಿಯುತ್ತಿರಲಿಲ್ಲ. ನಿನ್ನೆ ಗುರುತಿಸಿದ ‘ಮ’ ಇವತ್ತು ಅವನಿಗೆ ಹೊಸಬರ ಮುಖ. ತೋರಿಸಿದ ಡಾಕ್ಟರು, ಬುದ್ಧಿಗೇನೂ ಕೊರತೆಯಿಲ್ಲ, ಓದು ಮಾತ್ರ ತಡವಾಗುತ್ತದೆ, ಬೇರೆ ರೀತಿಯಲ್ಲಿ, ಸಾವಕಾಶವಾಗಿ ಕಲಿಸಿ ಎಂದಿದ್ದರು. ಸೇರಿಸಿದ ಶಾಲೆಯಲ್ಲಿ ಅವನನ್ನು ಕಿರಿಯ ತರಗತಿಯ ಹಿಂದಿನ ಸಾಲಿಗೆ ದಾಟಿಸಿದರು. ನಾನು ಊರಲ್ಲಿ ಆರು ವರ್ಷ ಟೀಚರ್ ಆಗಿದ್ದವಳು. ಸಿಟ್ಟು ನೆತ್ತಿಗೇರಿತು. ನನ್ನ ಮಗನಿಗೆ ನಾನೇ ಕಲಿಸುತ್ತೇನೆ ಎಂದು ಬಿಡಿಸಿಕೊಂಡು ಬಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನೊಬ್ಬನೇ ಮನೆಯಲ್ಲಿದ್ದರೆ ಕುಗ್ಗುತ್ತಾನೆಂದು, ಅದೇ ಶಾಲೆಯಲ್ಲಿ ನಗುನಗುತ್ತಾ ಓದುತ್ತಿದ್ದ ಅವನ ಅಕ್ಕ ಗೌರಿಯನ್ನೂ ಬಿಡಿಸಿದೆ. ಅವಳಿಗೆ ಆಗ ಒಂಬತ್ತು. ದಿನಸಿ ಕಟ್ಟಿಕೊಟ್ಟ ಕಾಗದವನ್ನೂ ಬಿಚ್ಚಿ ಓದಿ ಮುಗಿಸುವ ಹುಡುಗಿ. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಪಡಸಾಲೆಯೇ ಶಾಲೆ. ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಎಡಕ್ಕೆ ಗೌರಿ, ಬಲಕ್ಕೆ ಶಿವು, ಪುಸ್ತಕ ಮುಗಿದರೆ ಒಂದು ಬಣ್ಣದ ಚುಕ್ಕೆ. ತಿಂಗಳಲ್ಲಿ ಗೌರಿಯ ಸಾಲು ಪಟ್ಟಿಯ ತಳ ಮುಟ್ಟಿತು. ಶಿವುವಿನದು ಖಾಲಿ. “ಅಕ್ಕನ್ನ ನೋಡಿ ಕಲಿ” ಎಂದು ದಿನಕ್ಕೆ ಹತ್ತು ಸಲ ಹೇಳಿದೆ. ಯಾವ ಹಿಂದಿನ ಸಾಲಿನಿಂದ ಅವನನ್ನು ಎಬ್ಬಿಸಿಕೊಂಡು ಬಂದಿದ್ದೆನೋ, ಅದನ್ನೇ ಮನೆಯೊಳಗೆ ಹಾಕಿ ಕೂರಿಸಿದ್ದೆ. ಅವನು ಪಾಠದ ಹೊತ್ತಿಗೆ ಹೊಟ್ಟೆ ನೋವೆಂದು ಹುಳುಮನೆಗೆ ಓಡತೊಡಗಿದ. ಅಕ್ಕ ಕರೆತರಲು ಹೋದರೆ ಅವಳೂ ಅಲ್ಲೇ ಉಳಿಯುತ್ತಿದ್ದಳು.

ಆಮೇಲೆ ಗೌರಿ ತಡವರಿಸತೊಡಗಿದಳು. ಮೊದಲು ಒತ್ತಕ್ಷರಗಳಲ್ಲಿ ಎಡವಿದಳು, ಆಮೇಲೆ ಸರಳ ಪದಗಳಲ್ಲಿ. ಒಂದು ಪುಟಕ್ಕೆ ಅರ್ಧ ಗಂಟೆ. ನನಗೆ ಎದೆ ಒಡೆದಂತಾಯಿತು, ಇವಳಿಗೂ ಅದೇ ತೊಂದರೆಯೇ ಎಂದು. ರಾಮನಗರಕ್ಕೆ ಕರೆದೊಯ್ದು ಕಣ್ಣು ತೋರಿಸಿದೆ. ಕಣ್ಣು ಚೆನ್ನಾಗಿಯೇ ಇತ್ತು. ಹಾಗಾದರೆ ಸೋಮಾರಿತನ ಎಂದುಕೊಂಡೆ. ಒಂದು ಬೆಳಿಗ್ಗೆ ‘ಬೆಟ್ಟ’ ಎಂಬ ಪದಕ್ಕೆ ಮೂರು ಸಲ ನಿಂತಾಗ ಬೆನ್ನಿಗೆ ಒಂದು ಏಟು ಕೊಟ್ಟೆ. ಅವಳು ಅಳಲಿಲ್ಲ, ತಮ್ಮನ ಕಡೆ ನೋಡಿದಳು. ಆ ನೋಟ ನನಗೆ ಅರ್ಥವಾಗಬೇಕಿತ್ತು.

ಅರ್ಥವಾದದ್ದು ವಾರದ ನಂತರ, ಊಟಕ್ಕೆ ಕರೆಯಲು ಹುಳುಮನೆಗೆ ಹೋದಾಗ. ಕಾಲು ತೊಳೆದು ಒಳಗೆ ಹೋಗಬೇಕು, ಅದು ಅಲ್ಲಿಯ ಕಟ್ಟಳೆ. ತೊಳೆಯುತ್ತಿರುವಾಗಲೇ ಒಳಗಿನಿಂದ ಯಾರೋ ಸರಾಗವಾಗಿ ಓದುವ ದನಿ ಕೇಳಿತು. ಜಯಮ್ಮ ಹಳೆಯ ಕ್ರಮದವರು. ಬಿದಿರಿನ ತಟ್ಟೆಗೆ ಹಳೇ ಪೇಪರ್ ಹಾಸಿ ಅದರ ಮೇಲೆ ಹುಳು ಬಿಡುತ್ತಾರೆ. ಗೌರಿ ಮಂಡಿಯೂರಿ, ಒಣಗಿದ ಸೊಪ್ಪನ್ನು ಬೆರಳಿನಿಂದ ಸರಿಸುತ್ತಾ, ಹುಳುಗಳ ಸಂದಿಯಲ್ಲಿ ಕಂಡಷ್ಟು ಸುದ್ದಿಯನ್ನು ಜಯಮ್ಮನಿಗೆ ಓದಿ ಹೇಳುತ್ತಿದ್ದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಶಿವು ಹಿತ್ತಲಲ್ಲಿ ಆಡುತ್ತಿದ್ದ. ನನ್ನನ್ನು ಕಂಡದ್ದೇ ಬಾಯಿ ಮುಚ್ಚಿದಳು.

ಮನೆಯಲ್ಲಿ ಯಾಕೆ ಓದುವುದಿಲ್ಲ ಎಂದು ಕೇಳಿದೆ. ಕೋಪದಿಂದ ಕೇಳಲಿಲ್ಲ.

“ಜ್ವರಕ್ಕೆ ಕೂತಾಗ ಎಲ್ಲಾ ಏಳೋ ತನಕ ಸೊಪ್ಪು ಹಾಕಬಾರ್ದಮ್ಮ,” ಎಂದಳು. “ಮೊದಲೇ ಎದ್ದವಕ್ಕೆ ಹಾಕಿದ್ರೆ ಅವೇ ದಪ್ಪ ಆಗಿಬಿಡ್ತವೆ. ಹಿಂದಿನವು ಹಿಂದೇ ಉಳೀತವೆ. ಅಜ್ಜಿ ಹೇಳವ್ರೆ. ಶಿವು ಎದ್ದ ಮೇಲೆ ನಾನು ಓದ್ತೀನಿ.”

ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುನ್ನ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಸುಮ್ಮನೆ ಕೂರುತ್ತದೆ. ಇಲ್ಲಿಯವರು ಅದನ್ನು ಜ್ವರ ಎನ್ನುತ್ತಾರೆ. ಎಲ್ಲವೂ ಒಂದೇ ಗಳಿಗೆಗೆ ಏಳುವುದಿಲ್ಲ. ಎದ್ದವು ಹಸಿದು ತಲೆಯಾಡಿಸಿದರೂ ಹಿಂದಿನವು ಏಳುವವರೆಗೆ ಜಯಮ್ಮ ಸೊಪ್ಪು ಮುಟ್ಟುವುದಿಲ್ಲ. ನನ್ನ ಮಗಳು ಆ ಕ್ರಮವನ್ನು ಕಲಿತು, ಎರಡು ತಿಂಗಳು ತನ್ನ ಪುಸ್ತಕಗಳನ್ನು ಮುಟ್ಟದೆ ಹಸಿದುಕೊಂಡಿದ್ದಳು. ಅದರ ಮೇಲೆ ನನ್ನ ಏಟು.

ಜಯಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. “ಅಯ್ಯೋ ಮಗ, ಅದು ಒಂದೊತ್ತಿನ ಮಾತು ಕಣೆ. ಎದ್ದವುನ್ನ ಬಾಳ ಹೊತ್ತು ಕಾಯ್ಸುದ್ರೆ ಸೊರಗೋಯ್ತವೆ. ಹಿಂದ್ಲವು ಇನ್ನೂ ಏಳ್ನಿಲ್ಲ ಅಂದ್ರೆ ಬ್ಯಾರೆ ತಟ್ಟೆಗೆ ಎತ್ತಾಕ್ತೀವಿ. ಇವಕ್ಕೂ ಸೊಪ್ಪು, ಅವು ಎದ್ದಾಗ ಅವಕ್ಕೂ ಸೊಪ್ಪು.” ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ನೀನು ಇಬ್ರುನ್ನೂ ಒಂದೇ ತಟ್ಟೇಲಿ ಮಡಿಕಂಡಿದ್ದೀಯ ಕಣವ್ವ,” ಎಂದರು. ಟೀಚರ್ ತರಬೇತಿಯಲ್ಲಿ ಇದನ್ನೇ ದೊಡ್ಡ ದೊಡ್ಡ ಮಾತುಗಳಲ್ಲಿ ಬರೆದು ಪಾಸಾದವಳು ನಾನು.

ಪಟ್ಟಿಯನ್ನು ಅಂದೇ ಕಿತ್ತೆ. ಗೋಡೆಯ ಸುಣ್ಣವೂ ಅದರ ಜೊತೆ ಬಂತು. ಗೌರಿ ಮತ್ತೆ ಶಾಲೆಗೆ ಹೋದಳು. ಶಿವುವಿನ ಪಾಠ ಅವಳಿಲ್ಲದ ಹೊತ್ತಿಗೆ, ಮೊರದಲ್ಲಿ ರಾಗಿ ಹಿಟ್ಟು ಹರಡಿ, ಬೆರಳಿನಲ್ಲಿ ದಿನಕ್ಕೆ ಒಂದೇ ಅಕ್ಷರ. ಎಂಟು ತಿಂಗಳಾದ ಮೇಲೆ ಒಂದು ಶನಿವಾರ ಜಯಮ್ಮನ ಜೊತೆ ಕೆಂಗಲ್ ದೇವಸ್ಥಾನಕ್ಕೆ ಹೊರಟಾಗ, ನಿಂತ ಬಸ್ಸಿನ ಬೋರ್ಡಿಗೆ ಬೆರಳಿಟ್ಟು “ಕೆಂ... ಗ... ಲ್” ಎಂದ. ಅವನು ಮುಗಿಸುವುದರಲ್ಲಿ ಬಸ್ಸು ಹೊರಟುಹೋಯಿತು. “ಓಗ್ಲಿ ಬುಡ್ಲಾ, ಇನ್ನೊಂದು ಬತ್ತದೆ,” ಎಂದು ಜಯಮ್ಮ ಅವನ ತಲೆ ಸವರಿದರು. ಆ ಇನ್ನೊಂದು ಬಸ್ಸಿಗೆ ಒಂದು ಗಂಟೆ ಕಾದೆವು. ಇಲ್ಲಿಗೆ ಬಂದ ಮೇಲೆ ಅಷ್ಟು ಸುಖವಾಗಿ ನಾನು ಎಲ್ಲೂ ಕಾದಿಲ್ಲ.

ಆದರೆ ಗೌರಿಯ ಓದು ಮೊದಲಿನಂತಾಗಲಿಲ್ಲ. ಪಾಠ ಓದುತ್ತಾಳೆ, ಅಂಕ ಬರುತ್ತದೆ. ದಿನಸಿಯ ಕಾಗದ ಬಿಚ್ಚುವುದಿಲ್ಲ. ತಮ್ಮ ಒಳಗೆ ಬಂದರೆ ಪುಸ್ತಕ ಮುಚ್ಚುವ ಅಭ್ಯಾಸ ಕೈಯಲ್ಲಿ ಕೂತುಬಿಟ್ಟಿದೆ. ಏಟು ಕೊಟ್ಟದ್ದಕ್ಕೆ ತಪ್ಪಾಯಿತೆಂದು ಅವಳಿಗೆ ಹೇಳಿದ್ದೇನೆ. “ನೋವಾಗ್ಲಿಲ್ಲಮ್ಮ” ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ಬೇಸಿಗೆ ರಜೆಗೆ ಗದಗಿಗೆ ಹೋಗಿದ್ದೆವು. ನನ್ನ ಅಕ್ಕ ಒಂದು ಕತೆ ಪುಸ್ತಕ ತಂದು ಗೌರಿಯ ಕೈಗಿಟ್ಟು, “ಜೋರಾಗಿ ಓದವಾ, ಕೇಳೂಣು,” ಎಂದಳು. ಗೌರಿ ನಾಲ್ಕು ಸಾಲು ಓದಿದಳು. ಹಳೆಯ ದನಿ ಬರುತ್ತಿದೆ ಎನಿಸಿತು. ಅಷ್ಟರಲ್ಲಿ ಶಿವು ಒಳಗೆ ಬಂದ. ಪುಸ್ತಕ ಮುಚ್ಚಿಕೊಂಡಿತು.

ಶಿವು ಅವಳ ಪಕ್ಕ ಕೂತ. “ಓದಕ್ಕ,” ಎಂದ. “ನಂಗೋಸ್ಕರ ಕಾಯ್ಬ್ಯಾಡ. ಆವಾಗ್ಲೂ ನಂಗೆ ಗೊತ್ತಿತ್ತು.”

ಅವನ ಮಾತಿನ ಧಾಟಿಗೆ ನನ್ನ ಅಕ್ಕ ನಕ್ಕಳು, “ಪಕ್ಕಾ ಆ ಕಡೆಯವನ ಆದ್ನಲ್ಲ ಇವ.” ನನಗೆ ನಗು ಬರಲಿಲ್ಲ. ತನಗಾಗಿ ಅಕ್ಕ ಏಟು ತಿಂದದ್ದನ್ನು ನೋಡುತ್ತಾ ಅವನು ಆ ಚಿಕ್ಕ ಎದೆಯಲ್ಲಿ ಏನು ಇಟ್ಟುಕೊಂಡಿದ್ದನೋ, ಅದನ್ನು ಯಾವ ಪಟ್ಟಿಯಲ್ಲಿ ಬರೆಯಲಿ?

ಗೌರಿ ಪುಸ್ತಕ ತೆರೆಯಲಿಲ್ಲ. “ಊರಿಗೋದ್ಮೇಲೆ ಓದ್ತೀನಿ,” ಎಂದಳು.

“ಊರು ಅಂದ್ರ ಯಾವ್ದವಾ? ಇದ ಅಲ್ಲನು ನಿಮ್ಮೂರು?” ಎಂದು ನನ್ನ ಅಕ್ಕ ಕೇಳಿದಳು.

ಇಬ್ಬರೂ ಒಟ್ಟಿಗೆ ಜಯಮ್ಮಜ್ಜಿಯ ಮನೆ ಎಂದರು. ನಾನು ಹುಟ್ಟಿದ ಮನೆಯಲ್ಲಿ ನನ್ನ ಮಕ್ಕಳು ನೆಂಟರು. ಅವರು ಊರು ಎನ್ನುವ ಮನೆಯ ಗೋಡೆಯಲ್ಲಿ ಸುಣ್ಣ ಕಿತ್ತ ಜಾಗ ಇನ್ನೂ ಹಾಗೇ ಇದೆ. ಗೌರಿ ಮಾತು ಕೊಟ್ಟಂತೆ ಓದುವಳೋ ನೋಡೋಣವೆಂದು, ನಾನೂ ಆ ಊರಿಗೇ ಬೇಗ ಹೊರಟೆ.