ಉಸಿರೆಳೆದುಕೊಳ್ಳುವ ಜಾಗ

ಯಾವ ವರ್ಷದ ಮಾತೆತ್ತಿದರೂ ರೋಸ್ವಿತಾ ಅದನ್ನು ಸಂಗೀತಕಾರ ಬಾಖ್‌ನ ಹಾಡಿನಿಂದಲೇ ಗುರುತು ಹಿಡಿಯುತ್ತಾಳೆ. ಮಗಳು ಹೊಟ್ಟೆಯಲ್ಲಿದ್ದದ್ದು ಕ್ರಿಸ್‌ಮಸ್ ಒರಟೋರಿಯೊ ಹಾಡಿದಾಗ. ನಗಾರಿ ಬಡಿದಾಗಲೆಲ್ಲ ಕೂಸು ಒಳಗಿಂದ ಒದೆಯುತ್ತಿತ್ತು. ಬರ್ಲಿನ್ ಗೋಡೆ ಬಿದ್ದದ್ದು ಯೇಸುವಿನ ಯಾತನೆಯ ಕಥೆ ಹಾಡುವ ಯೋಹಾನನ ಪ್ಯಾಶನ್ ಆದ ವರ್ಷ. ಗಂಡ ತೀರಿಕೊಂಡದ್ದು ಬಿ ಮೈನರ್ ಮಾಸ್‌ನ ತಾಲೀಮಿನ ನಡುವೆ. ಮಣ್ಣು ಮಾಡಿದ ಮೂರನೆಯ ದಿನವೇ ಹೋಗಿ ತನ್ನ ಜಾಗದಲ್ಲಿ ನಿಂತಿದ್ದಳು. ಹಗಲೆಲ್ಲ ಬೇಕರಿಯಲ್ಲಿ ಬ್ರೆಡ್ಡು ಮಾರುವುದು, ಮಂಗಳವಾರ ಸಂಜೆ ಚರ್ಚಿನ ಮೇಳದಲ್ಲಿ ಆಲ್ಟೊ, ಅಂದರೆ ಹೆಂಗಸರ ಕೆಳದನಿ. ನಲವತ್ತನಾಲ್ಕು ವರ್ಷ ಹೀಗೇ.

ಜರ್ಮನಿಯ ತುರಿಂಗಿಯಾದ ನಮ್ಮೂರುಗಳಲ್ಲಿ ಇದೇನೂ ದೊಡ್ಡಸ್ತಿಕೆಯಲ್ಲ. ಮುನ್ನೂರು ವರ್ಷದ ಹಿಂದೆ ಆ ಮಹಾರಾಯ ಬರೆದಿಟ್ಟು ಹೋದ. ಕಟುಕ, ನರ್ಸು, ಅಂಚೆಯವನು ಎಲ್ಲರೂ ಅದನ್ನೇ ಹಾಡಿಕೊಂಡು ಮುದುಕರಾಗುತ್ತಾರೆ. ಆದರೆ ಅವನ ಸಾಲುಗಳು ಉದ್ದ, ಒಂದು ಉಸಿರಿಗೆ ದಕ್ಕುವಂಥವಲ್ಲ. ಅದಕ್ಕೇ ಜೋಡಿ ಬೇಕು. ಒಬ್ಬಳು ಉಸಿರೆಳೆದುಕೊಳ್ಳುವಾಗ ಪಕ್ಕದವಳು ದನಿ ಹಿಡಿದಿರಬೇಕು. ಗಿಜೆಲಾ ಮತ್ತು ರೋಸ್ವಿತಾ ಮೂವತ್ತು ವರ್ಷದ ಜೋಡಿ.

ಈ ಚಳಿಗಾಲದ ಕೆಮ್ಮು ಹೋಯಿತು, ಹೋಗುವಾಗ ರೋಸ್ವಿತಾಳ ದನಿಯನ್ನೂ ಒಯ್ದಿತು. ಸ್ವಲ್ಪ ಮೇಲೇರಿದರೆ ಬರೀ ಗಾಳಿ. ಅವಳೋ ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಎರಡು ಸಲ ಮನೆಗೆ ಓಡುವ ಜೀವ. ಹೇಳಿದರೆ ಜಾಗ ಹೋಗುತ್ತದಲ್ಲ ಎಂದು ತುಟಿ ಮಾತ್ರ ಆಡಿಸತೊಡಗಿದಳು.

ಗುಡ್ ಫ್ರೈಡೇಗೆ ಈ ಸಲ ಮತ್ತಾಯನ ಪ್ಯಾಶನ್. ಅದಕ್ಕೆ ಮೇಳ ಎರಡಾಗಿ ಒಡೆಯಬೇಕು; ಇವರ ಕಡೆ ಆಲ್ಟೊ ನಾಲ್ಕೇ ಜನ, ಅದರಲ್ಲಿಬ್ಬರು ಹೊಸಬರು.

"ನಿಲ್ಸಿ, ನಿಲ್ಸಿ!" ಮೇಳ ನಡೆಸುವ ಟಿಲ್ಮನ್ ಕೈ ಎತ್ತಿದ. "ಆಲ್ಟೊದಲ್ಲಿ ತೂತು ಬಿತ್ತು. ಏನ್ರಮ್ಮಾ, ಜರಡಿನಾ ಇದು?"

"ನಂದೇ ಕಣಪ್ಪಾ," ಎಂದಳು ಗಿಜೆಲಾ. "ಮಧ್ಯಾಹ್ನ ಐದು ಆಲೂಗಡ್ಡೆ ಕಡುಬು ತಿಂದಿದೀನಿ. ಉಸಿರಿಗೆಲ್ಲಿ ಜಾಗ?"

ಎಲ್ಲರೂ ನಕ್ಕರು. ಬಿಡುವಿನಲ್ಲಿ ಗಿಜೆಲಾ ಗಂಟಲಿನ ಮಿಠಾಯಿ ಕೊಡುತ್ತಾ ಪಿಸುಗುಟ್ಟಿದಳು: "ಯಾವಾಗಿಂದ ಕಣೇ?"

"ಏನು?"

"ನಾಟಕ ಬೇಡ. ನಾನು ಉಸಿರೆಳೆದ್ರೆ ಪಕ್ಕದಲ್ಲಿ ಪಾಳುಬಾವಿ ಇದ್ದಂಗಿದೆ."

"ಅವನಿಗೆ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ಹೇಳೋ ಬಾಯಿ ನಿಂದು."

ಮುಂದಿನ ಮಂಗಳವಾರ ಗಿಜೆಲಾ ಉಸಿರೇ ಎಳೆಯದೆ ಇಡೀ ಸಾಲು ದಾಟಿಸಲು ನೋಡಿದಳು. ಮುಖ ಬೀಟ್‌ರೂಟಾಯಿತು, ಕೆಮ್ಮು ಬಂತು, ಸಾಲು ಮತ್ತೆ ತುಂಡಾಯಿತು. ರೋಸ್ವಿತಾ ಪಕ್ಕದಲ್ಲೇ ನಿಂತು ನೋಡಿದಳು. ಜ್ವರದ ಮಗುವಿನ ಪಕ್ಕ ಕೂತಂತೆ, ಉಸಿರು ಎಣಿಸುವುದು ಬಿಟ್ಟು ಇನ್ನೇನೂ ಕೈಲಾಗದೆ.

ಅದರ ಮುಂದಿನ ವಾರ ಟಿಲ್ಮನ್ ಮೆಲ್ಲಗೆ ಹೇಳಿದ: "ಗಿಜೆಲಾ ಅವರೇ, ಬೇಜಾರು ಮಾಡ್ಕೋಬೇಡಿ. ಈ ಸಲ ನೀವು ಕೆಳಗೆ ಕೂತು ಕೇಳಿ."

ಗಿಜೆಲಾ ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿದಳು. ರೋಸ್ವಿತಾಳ ಕಡೆ ತಿರುಗಿಯೂ ನೋಡಲಿಲ್ಲ.

"ಅವಳಲ್ಲ," ಎಂದಳು ರೋಸ್ವಿತಾ. "ನಾನು. ಜನವರಿಯಿಂದ ಬರೀ ತುಟಿ ಆಡಿಸ್ತಿದೀನಿ."

"ವಾಸಿಯಾದ್ಮೇಲೆ ಬನ್ನಿ," ಎಂದ ಟಿಲ್ಮನ್, ಹಾಳೆ ತಿರುವುತ್ತಾ.

ಹೊರಗೆ ಗಿಜೆಲಾ ರೇಗಿದಳು. "ಯಾಕೇ ಹೇಳ್ದೆ? ಇನ್ನು ನಾನು ಯಾರ ಜೊತೆ ಉಸಿರಾಡ್ಲಿ?"

ಗುಡ್ ಫ್ರೈಡೇ ದಿನ ರೋಸ್ವಿತಾ ನಾಲ್ಕನೆಯ ಬೆಂಚಿನಲ್ಲಿ ಕೂತಳು. ಅವಳ ಜಾಗದಲ್ಲಿ ಪಕ್ಕದೂರಿನ ಹುಡುಗಿಯೊಬ್ಬಳು. ಪಾಪ, ಎರಡು ವಾರದಿಂದ ರೋಸ್ವಿತಾಳಿಗೆ ನಿದ್ದೆಯಿಲ್ಲ. ಸಾಲು ತುಂಡಾದರೆ ಏನು ಗತಿ? ಉಸಿರೆಳೆದುಕೊಳ್ಳುವ ಆ ಜಾಗ ಬಂತು. ಗಿಜೆಲಾಳ ಭುಜ ಮೇಲೆದ್ದಿತು, ಉಸಿರು. ಹುಡುಗಿಯ ದನಿ ನೂಲಿನಷ್ಟು ಸಣ್ಣ, ಆದರೆ ಹಿಡಿದಿತ್ತು. ಸಾಲು ತುಂಡಾಗಲಿಲ್ಲ.

ಸದ್ಯ, ಅಂದುಕೊಂಡಳು. ಆಮೇಲೆ ಪುಸ್ತಕವಿಲ್ಲದ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಪ್ಯಾಶನ್ನಿಗೆ ಚಪ್ಪಾಳೆ ತಟ್ಟುವ ಪದ್ಧತಿಯಿಲ್ಲ. ಗಂಟೆ ಹೊಡೆಯಿತು, ಜನ ಮಾತಿಲ್ಲದೆ ಎದ್ದರು. ರೋಸ್ವಿತಾ ಮೇಳದವರು ಕೋಟು ಬಿಚ್ಚಿಡುವ ಪಕ್ಕದ ಕೋಣೆಗೆ ಹೋಗಿ, ಎಂದಿನ ಮೊಳೆಯಲ್ಲಿ ತನ್ನ ಕೋಟಿಗಾಗಿ ತಡಕಾಡಿದಳು. ಕೋಟು ಅವಳ ಮೈಮೇಲೇ ಇತ್ತು.