ಹಾಲವ್ವನ ಗರಜು

ಮುಚ್ಚಂಡಿಯ ಹಾಲವ್ವನಿಗೆ ಮನುಷ್ಯರ ವಯಸ್ಸು ವರ್ಷದಲ್ಲಿ ತಿಳಿಯುತ್ತಿರಲಿಲ್ಲ. ಕುರಿಯ ವಯಸ್ಸನ್ನು ಹಲ್ಲು ನೋಡಿ ಹೇಳುವ ಹಾಗೆ ಮನುಷ್ಯರದನ್ನೂ ಹಲ್ಲಿನಲ್ಲೇ ಹೇಳುತ್ತಿದ್ದಳು. ಹಾಗೆಂದು ಯಾರ ಬಾಯಿಯನ್ನೂ ತೆರೆಸಿ ನೋಡುತ್ತಿರಲಿಲ್ಲ, ನಾಲ್ಕು ಮಾತಾಡಿಸಿದರೆ ಅವಳಿಗೆ ಸಾಕಿತ್ತು. ಕಂಡದ್ದೆಲ್ಲ ತನಗೇ ಬೇಕೆನ್ನುವವರು ಹಾಲುಹಲ್ಲಿನವರು. ಎದುರಿಗೆ ಬಂದವರಿಗೆಲ್ಲ ಹಾಯಲು ಹೋಗುವವರು ಎರಡು ಹಲ್ಲಿನವರು. ಜೋಡಿ ಹುಡುಕುತ್ತ ಕನ್ನಡಿ ನೋಡುವವರದು ನಾಲ್ಕು ಹಲ್ಲು. ಮನೆ, ಮಕ್ಕಳು, ಮಂದೆ ಎಂದು ಭಾರ ಹೊತ್ತವರದು ಆರು. ಎಂಟೂ ಹಲ್ಲು ಬಂದ ಕುರಿಗೆ ಬಾಯಿಗೂಡಿತು ಎನ್ನುತ್ತಾರಲ್ಲ, ಹಾಗೆ ತನ್ನದನ್ನು ನೋಡಿಕೊಂಡು ಇನ್ನೊಬ್ಬರದಕ್ಕೂ ತಲೆಕೊಡುವವರು ಬಾಯಿಗೂಡಿದವರು. ಮೀಸೆ ನೆರೆತರೂ ಎರಡು ಹಲ್ಲಿನಲ್ಲೇ ನಿಂತ ಗಂಡಸರು ಊರಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಬೆರಳು ಮಡಚುತ್ತ ಹೆಸರು ಹೇಳುತ್ತಿದ್ದಳು. ಮೊದಲನೆಯ ಬೆರಳು ಅವಳ ಗಂಡ ಅಮೋಗಸಿದ್ದನದೇ.

ಹಾಲವ್ವ ಹುಟ್ಟಿದ್ದು ಕುರಿಯ ಮಂದೆ ತಂಗಿದ್ದ ಯಾರದೋ ಹೊಲದಲ್ಲಿ. ಬೆಳೆದದ್ದೂ ಹಾಗೆಯೇ, ಇಂದು ಈ ಹೊಲ, ನಾಳೆ ಆ ಮರಡಿ. ಮುಚ್ಚಂಡಿಗೆ ಸೊಸೆಯಾಗಿ ಬಂದಾಗ ಅವಳದಿನ್ನೂ ಎರಡು ಹಲ್ಲಿನ ವಯಸ್ಸು. ಅತ್ತೆಗೆ ಎದುರು ಮಾತಾಡಿ, ಬೈಸಿಕೊಂಡು, ಅತ್ತು, ಮತ್ತೆ ಅದೇ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಹೇನು ತೆಗೆಸಿಕೊಂಡಿದ್ದಳು. ಅಮೋಗಸಿದ್ದ ಒಳ್ಳೆಯವನೇ, ಆದರೆ ಇನ್ನೊಬ್ಬರ ಟಗರನ್ನು ಯಾರಾದರೂ ಹೊಗಳಿದರೆ ಎರಡು ದಿನ ಮುಖ ಊದಿಸಿಕೊಂಡು ಕೂರುವ ಜಾತಿ. ಮಂದೆಯ ಭಾರ ತಾನಾಗಿಯೇ ಹಾಲವ್ವನ ಹೆಗಲಿಗೆ ಬಂತು. ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ ಅವನು ತೀರಿಕೊಂಡ. ಅಷ್ಟು ಹೊತ್ತಿಗೆ ಆಕೆ ಬಾಯಿಗೂಡಿದ ಹೆಂಗಸು. ಕಷ್ಟದ ಹೆರಿಗೆಯ ಕುರಿ ಯಾರ ಮನೆಯಲ್ಲಿದ್ದರೂ, ಮರಿಯನ್ನು ಒಲ್ಲೆನ್ನುವ ತಾಯಿ ಯಾರ ದೊಡ್ಡಿಯಲ್ಲಿದ್ದರೂ ಹಾಲವ್ವನಿಗೇ ಕರೆ ಬರುತ್ತಿತ್ತು. ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುವುದೆಂದರೆ ಅವಳಿಗೆ ಹಬ್ಬ.

ಹೀಗಿದ್ದವಳನ್ನು ಕೆಡಿಸಿದ್ದು ಸೊಸೆಯ ಪ್ರೀತಿ.

ಸೊಸೆ ಚನ್ನವ್ವ ಹೊಲಮನೆಯ ಮಗಳು. ಜೋಳದ ದಂಟು ನೋಡಿ ಇಳುವರಿ ಹೇಳಬಲ್ಲಳು, ಕುರಿ ಅಂದರೆ ಮಾತ್ರ ಅಷ್ಟಕ್ಕಷ್ಟೆ. ಅವಳಿಗೊಂದು ತೊಳೆಯುವ ಚಟ. ಪಾತ್ರೆ ತೊಳೆದು, ಹೊಸ್ತಿಲು ತೊಳೆದು, ಅದೂ ಸಾಲದೆ ಎಮ್ಮೆಯ ಕೊಂಬನ್ನೂ ತೊಳೆಯುವಳು. ಐವತ್ತೈದನೆಯ ಇಸವಿಯ ಶ್ರಾವಣದಲ್ಲಿ ಹಾಲವ್ವ ಜ್ವರ ಬಂದು ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಮಗ ಬೀರದೇವ ಅಳುತ್ತ ಮೂಲೆ ಹಿಡಿದ. ಚನ್ನವ್ವ ಅಳಲಿಲ್ಲ. ಗುಡ್ಡಾಪುರಕ್ಕೆ ನಡೆದು ಹೋಗಿ ದಾನಮ್ಮ ದೇವಿಯ ಎದುರು ಸೆರಗೊಡ್ಡಿದಳು.

"ತಾಯಿ, ನಮ್ಮತ್ತಿನ ಉಳಿಸಿ ಕೊಡವಾ. ಇನ್ನ ಮ್ಯಾಲ ಆಕಿ ಕೈಗೆ ಒಂದ ಕೆಲಸಾ ಹಚ್ಚೂದಿಲ್ಲ."

ದಾನಮ್ಮ ಉಳಿಸಿಕೊಟ್ಟಳು. ಚನ್ನವ್ವ ಮಾತು ಉಳಿಸಿಕೊಂಡಳು. ಹಾಲವ್ವ ಮಾತ್ರ ಕಟ್ಟೆಯ ಮೇಲೆ ಉಳಿದಳು.

ಮುಂಜಾನೆ ಎದ್ದರೆ ಸೊಸೆ ಬಿಸಿನೀರು ಹಾಕಿ ತಿಕ್ಕಿ ತಿಕ್ಕಿ ಎರೆಯುವಳು. ತೊಳೆದ ಸೀರೆ ಉಡಿಸುವಳು. ಕಟ್ಟೆಯ ಮೇಲೆ ಕಂಬಳಿ ಹಾಸಿ, "ಕುಂದ್ರಿ ಅತ್ತಿ" ಎನ್ನುವಳು. ಕಸಬರಿಗೆಗೆ ಕೈ ಹಾಕಿದರೆ "ನೀವ ಕುಂದ್ರಿ." ಉಣ್ಣೆ ನೂಲುವ ಕದಿರು ಹಿಡಿದರೆ "ಕುಂದ್ರಿ ಅಂದ್ನೆಲ್ರಿ, ಹರಕಿ ಅದ." ಒಮ್ಮೆ ಹಾಲವ್ವ ಜೋಳದ ಕಣಜದ ಹಿಂದೆ ಅಡಗಿ ಕದ್ದು ನೂಲುತ್ತ ಕುಳಿತಿದ್ದಾಗ ಸೀನು ಬಂದು ಸಿಕ್ಕಿಬಿದ್ದಳು. ಅಂದಿನಿಂದ ಕದಿರು ಅಟ್ಟದ ಮೇಲೆ ಹೋಯಿತು. ಊರವರಿಗೂ ಸುದ್ದಿ ಮುಟ್ಟಿತು. ಹರಕೆಯ ಮನುಷ್ಯಳಿಗೆ ಕೆಲಸ ಹೇಳಿ ಪಾಪ ಯಾರು ಕಟ್ಟಿಕೊಳ್ಳುತ್ತಾರೆ? ಕುರಿ ಈಯುವ ಹೊತ್ತಿಗೆ ಕರೆಯಲು ಬರುವುದು ನಿಂತಿತು. ಎದುರಿಗೆ ಸಿಕ್ಕವರೆಲ್ಲ ಕೈಮುಗಿದು ಹೇಳುವುದು ಅದೊಂದೇ ಮಾತು: ಕುಂದ್ರಿ. ಒಂದು ವರ್ಷದಲ್ಲಿ ಹಾಲವ್ವನ ಮುಂದಿನ ಹಲ್ಲು ನಾಲ್ಕು ಉದುರಿದವು. ಕೆಲಸವಿಲ್ಲದ್ದಕ್ಕೇ ಉದುರಿದವೆಂದು ಅವಳ ವಾದ. ಸಂಕಟವಾಗುತ್ತಿತ್ತು ಅವಳಿಗೆ, ಹೇಳಿಕೊಳ್ಳುವುದು ಹೇಗೆ? ಅನ್ನ ಹಾಕದ ಸೊಸೆಯನ್ನು ಬೈಯಬಹುದು, ತುಪ್ಪ ಹಾಕುವವಳನ್ನು ಏನೆಂದು ಬೈಯುವುದು?

ಮರುವರ್ಷ ದೀಪಾವಳಿ ಕಳೆದ ಮೇಲೆ ಅಣ್ಣಾರಾಯ ಮಾಸ್ತರು ಕಟ್ಟೆಗೆ ಬಂದರು. ಸಂಖ ಎಂಬ ಊರಿನ ಕಡೆಯವರು, ಮುಚ್ಚಂಡಿಯ ಸಾಲೆಯಲ್ಲಿ ಕಲಿಸುವವರು, ವಯಸ್ಸು ಮೂವತ್ತು. ಹಾಲವ್ವನ ಲೆಕ್ಕದಲ್ಲಿ ನಾಲ್ಕು ಹಲ್ಲು ಮುಗಿದು ಆರು ಮೊಳೆಯುತ್ತಿದ್ದವು. ಅವರು ಆಗತಾನೆ ಟ್ರೇನಿಂಗ್ ಮುಗಿಸಿ ಮನಶ್ಶಾಸ್ತ್ರದ ದಪ್ಪ ವಹಿ ತಂದಿದ್ದರು. ಕಂಡವರಿಗೆಲ್ಲ ಅದರೊಳಗಿನದನ್ನು ಉಣಬಡಿಸುವ ಉಮೇದಿ ಬೇರೆ. ಜೊತೆಗೆ ವಿಕಾಸ ಖಾತೆಯವರು ಮನೆ ಮನೆಯ ಫಾರ್ಮು ತುಂಬುವ ಕೆಲಸವನ್ನೂ ಹೊರಿಸಿದ್ದರು. ಫಾರ್ಮಿನ ಕೊನೆಯ ಕಾಲಮ್ಮು 'ಗರಜು.' ಯಾರಿಗೆ ಏನು ಬೇಕಾಗಿದೆ ಎಂಬುದು. ಮರಾಠಿಗೂ ಅದೇ ಮಾತು, ಮುಚ್ಚಂಡಿಯ ಕನ್ನಡಕ್ಕೂ ಅದೇ ಮಾತು.

"ಆಯಿ, ಮನಷ್ಯಾನ ಗರಜು ಐದು ಮೆಟ್ಟಲಾ ಅದಾವ್ರಿ," ಎಂದು ಮಾಸ್ತರು ಸುಣ್ಣದ ಕಡ್ಡಿಯಿಂದ ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆದರು. "ಕೆಳಗಿನ ಮೆಟ್ಟಲಾ ತುಂಬಿದಂಗ ಮನಸು ಮ್ಯಾಲಿನ ಮೆಟ್ಟಲಾ ಕೇಳತದ. ಮೊದಲನೇದು ಅನ್ನ ನೀರು. ನಿಮಗ ಅದ ಅಲ್ರಿ?"

"ಹೊಟ್ಟಿ ಬಿರಿಯೂವಂಗ ಹಾಕತಾಳ್ರಿ."

"ಎರಡನೇದು ಆಸರ. ತಲಿ ಮ್ಯಾಲ ಸೂರು, ಯಾರ ಅಂಜಿಕಿನೂ ಇರಬಾರದು."

"ಮಾಳಗಿ ಸೋರೂದಿಲ್ರಿ. ಅಂಜಿಕಿ ಅಂದ್ರ ಚನ್ನವ್ವಂದೊಂದ."

"ಮೂರನೇದು, ನಮ್ಮಾವರು ತಮ್ಮಾವರು ಅನ್ನೂ ಅಕ್ಕರತಿ."

"ಅದ ಹೆಚ್ಚಾಗಿ ನನಗ ಈ ಗತಿ ಬಂದದ."

"ನಾಕನೇದು ಮರ್ಯಾದಿ."

"ಹೋದಲ್ಲೆಲ್ಲಾ ಕುಂದ್ರಿ ಕುಂದ್ರಿ ಅಂತಾರ. ಇದಕಿಂತ ಮರ್ಯಾದಿ ಯಾವದ್ರಿ?"

ಮಾಸ್ತರಿಗೆ ಹಿಗ್ಗು ತಡೆಯಲಾಗಲಿಲ್ಲ. "ಆಯಿ, ಹಂಗಾದ್ರ ನೀವು ತುದಿ ಮೆಟ್ಟಲಕ್ಕ ಬಂದೀರಿ! ಐದನೇದು ಅಂದ್ರ, ನಮ್ಮೊಳಗ ಏನ ಅದ ಅದು ಪೂರಾ ಅರಳೂದು."

"ಬಂದೇನ್ರಿ. ಬಂದು ಅಲ್ಲೇ ಕುಂತೇನಿ. ಇಳಿಯೂದು ಹ್ಯಾಂಗ ಅಂತ ನಿಮ್ಮ ವಹಿಯೊಳಗ ಬರದದೇನು?"

ಮಾಸ್ತರು ವಹಿಯನ್ನು ತಿರುವಿ ನೋಡಿದರು. ಪಾಪ, ಇರಲಿಲ್ಲ. ಫಾರ್ಮಿಗೆ ಬಂದರು. "ಗರಜು ಅಂತ ಏನ ಬರೀಲಿ ಹೇಳ್ರಿ."

"ಬರೀರಿ. ಹಾಲವ್ವಗ ಯಾವದೂ ಗರಜಿಲ್ಲ." ಮಾಸ್ತರು ಬರೆಯಲು ಬಗ್ಗಿದಾಗ ಆಕೆ ತಡೆದು ಹೇಳಿದಳು. "ಅದರ ಕೆಳಗ ಇನ್ನೊಂದು ಸಾಲು ಬರೀರಿ. ಹಾಲವ್ವನ ಗರಜು ಯಾರಿಗೂ ಇಲ್ಲ."

ಪೆನ್ಸಿಲು ನಿಂತಿತು. ಮಾಸ್ತರು ಫಾರ್ಮನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಅದಕ್ಕ ಕಾಲಮ್ಮು ಇಲ್ರಿ ಆಯಿ," ಎಂದರು. ಧ್ವನಿ ಸಣ್ಣದಾಗಿತ್ತು. ಆ ಜಾಗವನ್ನು ಖಾಲಿ ಬಿಟ್ಟು, ಮತ್ತೆ ಬರುತ್ತೇನೆಂದು ಹೇಳಿ ಹೋದರು.

ಅವರು ಮತ್ತೆ ಬಂದ ದಿನವೇ ಚಂದ್ರಿಯ ರಂಪ ನಡೆದಿತ್ತು. ಚಂದ್ರಿ ಎಂದರೆ ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಕರಿ ಕುರಿ. ತಾಯಿ ಸತ್ತ ಅದನ್ನು ಹಾಲವ್ವನೇ ಬಟ್ಟೆಯ ತುದಿಯಲ್ಲಿ ಹಾಲು ಚೀಪಿಸಿ ಸಾಕಿದ್ದಳು. ಅದಕ್ಕೆ ಇದು ಚೊಚ್ಚಲ ಮರಿ. ಬೀರದೇವ ಮಂದೆ ಹೊಡೆದುಕೊಂಡು ದೂರ ಹೋಗಿದ್ದ. ಬೆಳಿಗ್ಗೆ ಈದ ಮರಿ ಮಧ್ಯಾಹ್ನವಾದರೂ ಒಂದು ಗುಟುಕು ಹಾಲು ಕಂಡಿರಲಿಲ್ಲ. ಮರಿ ಕೆಚ್ಚಲಿಗೆ ಬಂದರೆ ಚಂದ್ರಿ ಹಾಯ್ದು ಕೆಡವುತ್ತಿತ್ತು. ಚನ್ನವ್ವ ಬೇಡಿದಳು, ಬೈದಳು, ಕೊರಳು ಹಿಡಿದು ನಿಲ್ಲಿಸಿದಳು, ಒದೆಸಿಕೊಂಡಳು. ಮರಿಯ ಕೂಗು ಸಣ್ಣದಾಗುತ್ತ ಬಂತು.

ಕಟ್ಟೆಯ ಮೇಲಿಂದ ಹಾಲವ್ವ ಎಲ್ಲವನ್ನೂ ನೋಡುತ್ತಿದ್ದಳು. ಸುಳ್ಳು ಹೇಳಿ ಏನು ಮಾಡುವುದು, ಮೊದಲು ಅವಳಿಗೆ ಸ್ವಲ್ಪ ಖುಷಿಯೇ ಆಗಿತ್ತು.

"ಅತ್ತಿ, ಏನ ಮಾಡ್ಲೆರಿ?" ಎಂದು ಚನ್ನವ್ವ ಕೂಗಿದಳು.

"ನಾ ಕುಂತೇನವಾ," ಎಂದಳು ಹಾಲವ್ವ.

ಅಷ್ಟರಲ್ಲಿ ಮರಿ ಮುಂಗಾಲು ಮಡಚಿ ಕುಸಿಯಿತು. ಮತ್ತೆ ಏಳಲು ಹೋಗಿ ಏಳಲಾಗಲಿಲ್ಲ. ಹಾಲವ್ವನ ಖುಷಿ ಅಲ್ಲಿಗೇ ಹಾರಿಹೋಯಿತು. ಕಂಬಳಿ ಕೊಡವಿ ಎದ್ದೇಬಿಟ್ಟಳು. ಚನ್ನವ್ವ ಓಡಿ ಬಂದು ಅಡ್ಡ ನಿಂತಳು, ಕಣ್ಣಲ್ಲಿ ನೀರು. "ಬ್ಯಾಡ್ರಿ ಅತ್ತಿ! ಹರಕಿ ಮುರಿದ್ರ ನಿಮಗ ಏನರೆ ಆದೀತು. ನಿಮಗ ಏನರೆ ಆದ್ರ ನಾ ಯಾರ ಮುಖಾ ನೋಡ್ಲಿ?"

ಆ ಮಾತು ಕೇಳಿ ಹಾಲವ್ವನ ಎದೆ ಕರಗಿತು. ವರ್ಷವಿಡೀ ತನ್ನನ್ನು ಕಟ್ಟಿಹಾಕಿದ್ದು ಈ ಹೆಣ್ಣಿನ ಹೆದರಿಕೆ ಎಂದು ಆಗ ಹೊಳೆಯಿತು. ಸೊಸೆಯ ಕೆನ್ನೆ ಸವರಲು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದಳು.

"ದಾನಮ್ಮಗ ಏನಂತ ಬೇಡಕೊಂಡಿದ್ದಿ? ಖರೆ ಹೇಳು."

"ನಮ್ಮತ್ತಿ ಕೈಗೆ ಒಂದ ಕೆಲಸಾ ಹಚ್ಚೂದಿಲ್ಲಂತ."

"ಕೈಗೆ. ಬಾಯಿಗಿ?"

ಚನ್ನವ್ವ ಕಣ್ಣು ಮಿಟುಕಿಸಿದಳು. ಹರಕೆಯಲ್ಲಿ ಬಾಯಿಯ ಮಾತು ಬಂದೇ ಇರಲಿಲ್ಲ.

"ದಾನಮ್ಮ ನಿನಗಿಂತ ಶ್ಯಾಣೆ ಇದ್ದಾಳ," ಎಂದವಳೇ ಹಾಲವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಸಾಲೆ ತಪಾಸಣೆಗೆ ಬಂದ ಸಾಹೇಬರಂತೆ ಗತ್ತಿನಿಂದ ದೊಡ್ಡಿಯೊಳಗೆ ನಡೆದಳು. ಬಗ್ಗಿ ಮರಿಯ ಮೈ ಮೂಸಿದಳು. ಮೂಗು ಮುರಿದಳು.

"ಏನ ಹಚ್ಚಿದಿ ಇದಕ್ಕ?"

"ಮೈಯೆಲ್ಲಾ ಲೋಳಿ ಇತ್ರಿ," ಎಂದಳು ಚನ್ನವ್ವ ತಗ್ಗಿದ ಧ್ವನಿಯಲ್ಲಿ. "ಬಿಸಿನೀರಾಗ ಸಬಕಾರ ಹಚ್ಚಿ ತೊಳದೆ."

ಹಾಲವ್ವ ಹಣೆ ಚಚ್ಚಿಕೊಳ್ಳಬೇಕೆಂದರೂ ಕೈ ಬೆನ್ನ ಹಿಂದಿತ್ತು. "ಅಯ್ಯ ನನ ಸೊಸಿಯೇ! ತಾಯಿಗಿ ಮರಿ ಗುರತು ಹತ್ತೂದು ಆ ವಾಸನಿಯಿಂದ. ನೀ ಅದನ್ನ ತೊಳದ ಬಿಟ್ರ ಇದು ಯಾರ ಮರಿ ಅಂತ ಅದಕ್ಕ ಹ್ಯಾಂಗ ತಿಳೀಬೇಕು? ಎಳೀ ಮರಿ ಚಂದ ಕಾಣಲಿ ಅಂತ ತೊಳದಿ. ನನ್ನನೂ ಹಂಗ ತೊಳದ ಕುಂದ್ರಿಸಿದಿ, ನೋಡು. ಒಂದ ವರ್ಷ ಆತು, ನಾ ಯಾರಂತ ನನಗ ಗುರತು ಹತ್ತವಲ್ದು."

ನಗುತ್ತಲೇ ಹೇಳಲು ಹೋದಳು, ಕೊನೆಯ ಮಾತಿಗೆ ನಗು ಉಳಿಯಲಿಲ್ಲ. ಚನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲಲ್ಲಿ ಫಾರ್ಮು ಹಿಡಿದು ನಿಂತಿದ್ದ ಅಣ್ಣಾರಾಯ ಮಾಸ್ತರನ್ನು ಇಬ್ಬರೂ ಗಮನಿಸಲಿಲ್ಲ.

"ಅಳೂದು ಆಮ್ಯಾಲ," ಎಂದಳು ಹಾಲವ್ವ. "ಲಗೂನ ಚಂದ್ರಿ ಹಾಲ ಹಿಂಡು. ಮರಿ ಬೆನ್ನಿಗಿ, ಬಾಲದ ಬುಡಕ್ಕ ಸವರು. ಮ್ಯಾಲ ಉಪ್ಪು ಉದುರಸು. ಹಂಗಲ್ಲ, ಕೂದಲದೊಳಗ ಹೋಗೂವಂಗ. ಹಾಂ, ಈಗ ಚಂದ್ರಿನ್ನ ಮೂಲ್ಯಾಗ ನಿಲ್ಲಸಿ ಮರಿ ಬಾಲ ಅದರ ಮೂಗಿನ ಕಡಿ ಮಾಡು."

ಚನ್ನವ್ವ ಹೇಳಿದಂತೆ ಮಾಡಿದಳು. ಚಂದ್ರಿ ಉಪ್ಪಿನ ವಾಸನೆಗೆ ಮೂಗು ಅರಳಿಸಿತು, ಮತ್ತೆ ಅನುಮಾನದಿಂದ ಹಿಂದೆ ಸರಿಯಿತು. ಇನ್ನು ಉಳಿದದ್ದು ಕುರಿಯನ್ನು ಸಮಾಧಾನ ಮಾಡುವ ಕರೆ. ನಾಲಿಗೆಯನ್ನು ಹಲ್ಲಿಗೆ ಒತ್ತಿ ಹೊರಡಿಸುವ ಸಣ್ಣ ಸಿಳ್ಳೆ ಅದು. ಹಾಲವ್ವನ ಬಾಯಲ್ಲಿ ಒತ್ತಲು ಮುಂದಿನ ಹಲ್ಲೇ ಇರಲಿಲ್ಲ. ಒಂದು ಕ್ಷಣ ಅವಳಿಗೆ ಭಯವಾಯಿತು. ತುಟಿ ಕೂಡಿಸಿ ಊದಿದಳು. ಸಿಳ್ಳೆ ಬರಲಿಲ್ಲ, ಬರೀ 'ಫುರ್ರ್' ಎಂಬ ಮೆತ್ತನೆಯ ಸದ್ದು ಬಂತು.

ಚಂದ್ರಿ ಕಿವಿ ತಿರುಗಿಸಿತು. ಬಟ್ಟೆಯ ತುದಿಯಲ್ಲಿ ಹಾಲು ಕುಡಿಸಿದ ಧ್ವನಿಯ ನೆನಪು ಅದಕ್ಕಿತ್ತೋ ಏನೋ. ಹಾಲವ್ವ ಇನ್ನೊಮ್ಮೆ ಊದಿದಳು, ಮತ್ತೊಮ್ಮೆ ಊದಿದಳು. ಕುರಿ ಕುತ್ತಿಗೆ ಚಾಚಿ ಮರಿಯ ಬೆನ್ನು ಒಂದು ಸಲ ನೆಕ್ಕಿತು. ಇನ್ನೊಂದು ಸಲ ನೆಕ್ಕಿತು. ಆಮೇಲೆ ಬಿಡಲೇ ಇಲ್ಲ. ಮರಿ ಕೆಚ್ಚಲು ಹಿಡಿದು ಬಾಲ ಅಲ್ಲಾಡಿಸತೊಡಗಿದಾಗ ಚನ್ನವ್ವ ಅಲ್ಲೇ ಸಗಣಿಯ ನೆಲದ ಮೇಲೆ ಕುಳಿತುಬಿಟ್ಟಳು. ಅಂಥ ನೆಲದಲ್ಲಿ ಕೂತದ್ದು ಅವಳ ಜನ್ಮದಲ್ಲೇ ಅದೇ ಮೊದಲು.

"ಆಯಿ, ಇದು ಯಾವ ಮೆಟ್ಟಲಾರಿ?" ಎಂದು ಬಾಗಿಲಲ್ಲಿದ್ದ ಮಾಸ್ತರು ಕೇಳಿದರು.

"ನಿಮ್ಮ ಮೆಟ್ಟಲಾ ನಿಮಗ ಗೊತ್ತು ಮಾಸ್ತರ್ರ. ನಾ ಅಂತೂ ಇಳದ ಬಂದೆ," ಎಂದಳು ಹಾಲವ್ವ. ಬೊಚ್ಚುಬಾಯಿ ಅಗಲಿಸಿ ನಕ್ಕಳು.

ಮರುದಿನ ಬೆಳಿಗ್ಗೆ ಚನ್ನವ್ವ ಕಟ್ಟೆಯ ಮೇಲೆ ಕಂಬಳಿ ಹಾಸಲಿಲ್ಲ. ಹಾಸಿಗೆಯ ಹತ್ತಿರ ಬಂದು, "ಏಳ್ರಿ ಅತ್ತಿ, ಇನ್ನೊಂದು ಈಯೂ ಹಂಗ ಕಾಣತದ," ಎಂದಳು. ಹಾಲವ್ವ ಆ 'ಏಳ್ರಿ'ಯನ್ನು ಇನ್ನೊಮ್ಮೆ ಕೇಳಬೇಕೆಂದೇ ನಿದ್ದೆ ಬಂದವಳಂತೆ ಮಲಗಿದ್ದಳು.

ಸುದ್ದಿ ಊರಿಗೆ ಮುಟ್ಟಲು ಹೊತ್ತು ಬೇಕೆ? ಕೈಗಷ್ಟೇ ಹರಕೆ, ಬಾಯಿಗಿಲ್ಲ ಎಂದ ಮೇಲೆ ಮತ್ತೆ ಕರೆ ಬರತೊಡಗಿತು. ಹಾಲವ್ವ ಕೈ ಹಿಂದೆ ಕಟ್ಟಿಕೊಂಡು ದೊಡ್ಡಿಯಿಂದ ದೊಡ್ಡಿಗೆ ತಿರುಗುವಳು. ಹಿಂದೆ ಎಲ್ಲವನ್ನೂ ತಾನೇ ಮಾಡಿ ಬರುತ್ತಿದ್ದಳು. ಈಗ ಕೈ ಕಟ್ಟಿದ್ದರಿಂದ ಹೇಳಿಯೇ ಮಾಡಿಸಬೇಕಾಗಿತ್ತು, ಹಾಗಾಗಿ ಒಂದೇ ಹಂಗಾಮಿನಲ್ಲಿ ಊರ ಐದಾರು ಹೆಣ್ಣುಮಕ್ಕಳಿಗೆ ಆ ವಿದ್ಯೆ ಬಂತು. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಚನ್ನವ್ವ. ಜನ ಹಾಲವ್ವನನ್ನು ಬೆನ್ನ ಹಿಂದೆ 'ಸಾಹೇಬರು' ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಕೇಳದವಳಂತೆ ಇರುತ್ತಿದ್ದಳು.

ಫಾರ್ಮು ಒಪ್ಪಿಸುವ ಕೊನೆಯ ದಿನ ಅಣ್ಣಾರಾಯ ಮಾಸ್ತರು ಪೆನ್ಸಿಲು ಕೆತ್ತಿಕೊಂಡು ಕಟ್ಟೆಗೆ ಬಂದರು. ಆ ಕಾಲಮ್ಮು ಇನ್ನೂ ಖಾಲಿಯಿತ್ತು.

"ಈಗರೆ ಹೇಳ್ರಿ ಆಯಿ. ಗರಜು ಅಂತ ಏನ ಬರೀಲಿ?"

ಹಾಲವ್ವ ಬಾಯಿ ತೆರೆಯುವಷ್ಟರಲ್ಲಿ ಓಣಿಯ ಆ ತುದಿಯ ಮನೆಯ ಯಲ್ಲವ್ವನ ಧ್ವನಿ ಬಂತು. "ಹಾಲವ್ವಾ, ಲಗೂನ ಬಾರವಾ! ನಮ್ಮ ಕುರಿ ಮರಿ ಒಲ್ಲೆ ಅಂತದ!"

ಹಾಲವ್ವ ಎದ್ದಳು. ಎರಡೂ ಕೈ ಬೆನ್ನ ಹಿಂದೆ ಹೋದವು. ಎರಡು ಹೆಜ್ಜೆ ಇಟ್ಟು, ಕಟ್ಟೆಯ ಮೇಲಿನ ಮಾಸ್ತರ ಕಡೆ ತಿರುಗಿ ಹೇಳಿದಳು.

"ನನಗ ಪುರಸೊತ್ತಿಲ್ರಿ ಮಾಸ್ತರ್ರ. ನೀವ ಕುಂದ್ರಿ."