ಇಮಾಮಸಾಬ ಕಾಕಾ ಬಿಗಿದ ನಟ್ಟು

ಆ ನಟ್ಟನ್ನು ನೀವು ಬಿಗಿದಿದ್ದಿರಿ, ಕಾಕಾ. ಸರಿಯಾಗಿಯೇ ಬಿಗಿದಿದ್ದಿರಿ. ನನ್ನ ತಮ್ಮನ ಕಣ್ಣು ಹೋದದ್ದು ನನ್ನಿಂದ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ — ಹೀಗೆಂದರೂ ಅರ್ಧ ಸತ್ಯವೇ ಆಗುತ್ತದೆ. ಒಮ್ಮೆ ಬಿಟ್ಟಿದ್ದೆ. ಸುಳ್ಳು ಹೇಳುವುದಕ್ಕೆ ಬಿಟ್ಟಿದ್ದೆ.

ನೀವು ತೀರಿಕೊಂಡು ಮೂರು ವಾರವಾಯಿತು. ನಾಳೆ ರವಿವಾರ. ಇದನ್ನು ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ ಮಹಬೂಬಿ ಚಾಚಿಯ ಮುಂದೆ, ನನ್ನ ತಮ್ಮ ಈರಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕೆಂದಿದ್ದೇನೆ. ಅದಕ್ಕೇ ನಿಮಗೆ ಗೊತ್ತಿದ್ದದ್ದನ್ನೂ ಮೊದಲಿನಿಂದ ಹೇಳುತ್ತಿದ್ದೇನೆ. ನಡುವೆ ಎಲ್ಲಿಯೂ ನನಗೆ ಜಾರಿಕೊಳ್ಳಲು ದಾರಿ ಇರಬಾರದು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮದುವೆಯಾಗಲಿಲ್ಲ, ಬೈರಿದೇವರಕೊಪ್ಪದಲ್ಲಿ ಕಾಳಿನ ವ್ಯಾಪಾರ ಮಾಡುವ ಈರಣ್ಣನ ಮನೆಯಲ್ಲೇ ಇದ್ದೇನೆ. ಜೋಳದ ಚೀಲ ಒಟ್ಟಿದ ಹಿಂದಿನ ಕೋಣೆಯಲ್ಲಿ ಒಂದು ಮೇಜು ನನ್ನದು. ಅಲ್ಲಿ ಕೂತು ಬೆಸುಗೆ ಹಾಕುವುದು, ತಂತಿ ಕೂಡಿಸುವುದು ನನ್ನ ಹುಚ್ಚು. ಅವನ ಹೆಂಡತಿ ಶಾಂತಾ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು — “ವೈನಿ, ಮನಿ ತುಂಬ ರಾಳದ ಹೊಗಿ ಆಗೇತ್ರಿ” ಎಂದು. ಈರಣ್ಣ ಮಾತ್ರ ನಗುತ್ತಿದ್ದ. ನಗುತ್ತಿದ್ದ ಎಂಬುದನ್ನು ಬರೆದಿಡಬೇಕು, ಯಾಕೆಂದರೆ ಆಮೇಲೆ, ಬಾಯಿ ಬಿಡದಿರಲು ನೆವ ಬೇಕಾದಾಗ, ಅವನನ್ನು ಸಿಡುಕ ಎಂದುಕೊಂಡವಳೂ ನಾನೇ.

ಅವನಿಗೆ ಮಗಳು ಹುಟ್ಟಿದಳು. ಹೆಸರಿಡುವ ಹಕ್ಕು ಸೋದರತ್ತೆಯಾದ ನನ್ನದು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ನನ್ನ ಬೆನ್ನಿಗೆ ಗುದ್ದಬೇಕು. ಅಷ್ಟಾದರೆ ಸಾಕಿತ್ತು. ನನಗೆ ಸಾಲಲಿಲ್ಲ. ಕಿವಿಯಲ್ಲಿ ಹೇಳಿದ ಹೆಸರು ಅದೇ ಗಳಿಗೆಗೆ ಗಾಳಿಯಲ್ಲಿ ಬೆಳಕಾಗಿ ಮೂಡಬೇಕು, ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಬೇಕು ಎನಿಸಿತು.

ಮಾಡುವುದು ಹೇಗೆಂದು ಗೊತ್ತಿತ್ತು. ಒಂದು ಮೊಳದ ಪಟ್ಟಿ. ಅದರ ಮೇಲೆ ಸಾಲಾಗಿ ಎಲ್‌ಇಡಿ ದೀಪಗಳು, ಬೆರಳುದ್ದದ ಮೈಕ್ರೋಕಂಟ್ರೋಲರ್, ಒಂದು ಬ್ಯಾಟರಿ. ಪಟ್ಟಿಯನ್ನು ಮೋಟರು ಗಿರ್ರನೆ ತಿರುಗಿಸುತ್ತದೆ. ಯಾವ ದೀಪ ಯಾವ ಕ್ಷಣ ಹತ್ತಬೇಕೆಂದು ಮೈಕ್ರೋಕಂಟ್ರೋಲರ್ ಹೇಳುತ್ತದೆ. ಕಂಡದ್ದನ್ನು ಕಣ್ಣು ಕೂಡಲೇ ಬಿಡುವುದಿಲ್ಲವಾದ್ದರಿಂದ ಬಿಡಿಬಿಡಿ ಮಿಂಚುಗಳೆಲ್ಲ ಕೂಡಿ ಅಕ್ಷರವಾಗಿ ಗಾಳಿಯಲ್ಲಿ ನಿಲ್ಲುತ್ತವೆ. ಇಂಗ್ಲಿಷಿಗೆ ಎಂಟು ದೀಪ ಸಾಕು. ಆದರೆ ನಾನು ಆರಿಸಿದ ಹೆಸರು ಸೃಷ್ಟಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ — ಹದಿನಾರು ದೀಪ ಬೇಕಾಯಿತು. ಆಲೇಖದ ಹಾಳೆಯ ಚೌಕಗಳಲ್ಲಿ ಆ ಎರಡಕ್ಷರ ಬರೆದು ಬರೆದು ಅಳಿಸಿದ್ದೇ ಒಂದು ತಿಂಗಳು.

ಮೋಟರಿಗಾಗಿ ದುರ್ಗದಬೈಲಿನ ಓಣಿಯಲ್ಲಿದ್ದ ನಿಮ್ಮ ಅಂಗಡಿಗೆ ಬಂದೆ. ಫ್ಯಾನು, ಮಿಕ್ಸರುಗಳ ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತುವುದು ನಿಮ್ಮ ಕಸುಬು. ನನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ತೂಗಿದಿರಿ.

“ಇದು ತಿರಗೂದು ದೊಡ್ಡ ಮಾತಲ್ಲ ಗಿರಿಜವ್ವಾ. ನಡಗದಂಗ ತಿರಗಬೇಕು.”

ಆಮೇಲೆ ಆ ಮರದ ತುಂಡು ತೆಗೆದಿರಿ. ಅದರಲ್ಲಿ ಎರಡು ಹಳೆಯ ಗರಗಸದ ಬ್ಲೇಡುಗಳನ್ನು ಹಲ್ಲು ಕೆಳಗೆ, ನುಣುಪಾದ ಬೆನ್ನು ಮೇಲೆ ಮಾಡಿ ಜೋಡಿಯಾಗಿ ನಿಲ್ಲಿಸಿದ್ದಿರಿ. ಪಟ್ಟಿಯ ನಡುವಿನ ತೂತಿಗೆ ಉಕ್ಕಿನ ಕಡ್ಡಿ ತೂರಿಸಿ, ಕಡ್ಡಿಯನ್ನು ಆ ಬ್ಲೇಡುಗಳ ಮೇಲೆ ಇಟ್ಟಿರಿ. ಬ್ಯಾಟರಿ ಇದ್ದ ಕಡೆ ಪಟ್ಟಿ ವಾಲಿತು. ಈ ತುದಿಗೆ ಒಂದು ವಾಶರು ಕಟ್ಟಿದಿರಿ, ಇನ್ನೊಂದು ಕಟ್ಟಿದಿರಿ, ಹೆಚ್ಚಾಯಿತೆಂದು ಅರ ಹಿಡಿದು ಅದನ್ನೇ ಉಜ್ಜಿದಿರಿ. ಒಂದು ಇಡೀ ಮಧ್ಯಾಹ್ನ ಹೋಯಿತು. ಕೊನೆಗೆ ಪಟ್ಟಿ ಮೇಲಾಗಿ, ಅಡ್ಡಲಾಗಿ, ಓರೆಯಾಗಿ — ಹೇಗೆ ಬಿಟ್ಟರೂ ಬಿಟ್ಟಲ್ಲೇ ನಿಂತಿತು.

“ಎಲ್ಲಿ ಬಿಟ್ರ ಅಲ್ಲೇ ನಿಂದ್ರಬೇಕು. ಹಂಗಾದ್ರನ ಆತು ಅಂತ ತಿಳಿ” ಅಂದಿರಿ. “ಇನ್ನ ಮ್ಯಾಲ ಇದಕ್ಕ ಒಂದ್ ಬಟ್ಟು ಕುಂಕುಮಾ ಹಚ್ಚಿದ್ರೂ ಮತ್ತ ಬ್ಲೇಡಿನ ಮ್ಯಾಲ ಇಟ್ಟು ನೋಡಬೇಕವಾ. ಹಬ್ಬ ಅಂತ ಕುಂಕುಮಾ ಹಚ್ಚಿಗಿಚ್ಚಿ ಬಿಟ್ಟೀ!”

ಇಬ್ಬರೂ ನಕ್ಕೆವು. ತೊಟ್ಟಿಲ ಕಾರ್ಯದ ಹಿಂದಿನ ದಿನ ಸಂಜೆ ನೀವೇ ಬಂದು ಮೋಟರಿಗೆ ಪಟ್ಟಿ ಕೂಡಿಸಿ, ಪಾನಾ ಹಿಡಿದು ನಡುವಿನ ನಟ್ಟನ್ನು ಬಿಗಿದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಕೊನೆಯ ಸುತ್ತಿಗೆ ನೀವು ಹಲ್ಲು ಕಚ್ಚಿದ್ದು ಕೂಡ ನೆನಪಿದೆ.

ನೀವು ಹೋದ ಮೇಲೆ ಆ ಹೆಸರನ್ನು ನೋಡಿ ನೋಡಿ ನನಗೆ ಸಾಕಾಗಲಿಲ್ಲ. ಮತ್ತೆ ಮತ್ತೆ ತಿರುಗಿಸಿದೆ. ಬ್ಯಾಟರಿಯನ್ನು ಚಾರ್ಜಿಗೆ ಇಡುವುದನ್ನು ಮರೆತೆ. ಬೆಳಿಗ್ಗೆ ನೋಡಿದರೆ ದೀಪಗಳು ಮಂಕು. ಹೆಂಗಸರು ಬರಲು ಶುರುವಾಗಿದ್ದರು. ಶಾಂತಾಳ ತವರಿನವರು ಬಂದು ಚಹಾ ಕುಡಿಯುತ್ತಿದ್ದರು. ನಾನು ಈರಣ್ಣನ ಹಳೆಯ ಪವರ್ ಬ್ಯಾಂಕ್ ಬಿಚ್ಚಿ ಅದರೊಳಗಿನ ಬ್ಯಾಟರಿ ತೆಗೆದೆ. ಮೊದಲಿನದಕ್ಕಿಂತ ದಪ್ಪ, ಕೈಗೇ ಗೊತ್ತಾಗುವಷ್ಟು ಭಾರ. ಚಿಕ್ಕದನ್ನು ಕಿತ್ತು ಆ ಜಾಗಕ್ಕೆ ಇದನ್ನು ಅಂಟುಪಟ್ಟಿಯಿಂದ ಸುತ್ತಿದೆ. ಕುಂಕುಮದ ಮಾತು ಆಗ ನೆನಪಾಗಲಿಲ್ಲವೇ? ನೆನಪಾಯಿತು, ಕಾಕಾ. ನಿಮಗೊಂದು ಫೋನು ಮಾಡಿದ್ದರೆ ಬ್ಲೇಡು ಹಿಡಿದುಕೊಂಡು ಅರ್ಧ ತಾಸಿನಲ್ಲಿ ಬರುತ್ತಿದ್ದಿರಿ. ಒಂದು ನಿಮಿಷ ತಿರುಗುವುದಕ್ಕೆ ಇಷ್ಟೆಲ್ಲ ಯಾಕೆ ಎಂದುಕೊಂಡೆ.

ನೀವು ಕೂಸಿಗೆ ಟೊಪ್ಪಿಗೆ, ಪೇಢೆಯ ಪೊಟ್ಟಣ ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಗಂಡಸರ ಸಾಲಿನಲ್ಲಿ ಕೂತಿರಿ. “ಎಲ್ಲಾ ಬರೋಬ್ಬರಿ ಐತಿಲ್ಲವಾ?” ಎಂದು ಕೇಳಿದಿರಿ. ನಾನು “ಹೂಂನ್ರಿ ಕಾಕಾ” ಅಂದೆ. ಮೊದಲ ಸುಳ್ಳು ಅದೇ. ಎಷ್ಟು ಹಗುರವಾಗಿ ಬಂತೆಂದರೆ —

ತೊಟ್ಟಿಲಿದ್ದ ಒಳಕೋಣೆಯಲ್ಲಿ ಪರದೆ ಎಳೆದು ಕತ್ತಲು ಮಾಡಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ, ಬೆನ್ನಿಗೆ ಗುದ್ದು ಬಿದ್ದವು, ನಗುತ್ತಲೇ ಸ್ವಿಚ್ಚು ಒತ್ತಿದೆ. ಪಟ್ಟಿ ತಿರುಗಿತು. ಮೊದಲಕ್ಷರ ಮೂಡಿತು, ಎರಡನೆಯದು ನಡುಗುತ್ತಿತ್ತು. ಪಡಸಾಲೆಯಿಂದ ನಿಮ್ಮ ಕೂಗು ಕೇಳಿತು.

“ಗಿರಿಜವ್ವಾ, ಬಂದ್ ಮಾಡು! ಸಪ್ಪಳಾ ಬ್ಯಾರೆ ಬರಾಕತ್ತೈತಿ, ಬಂದ್ ಮಾಡವಾ!”

ಸ್ವಿಚ್ಚು ನನ್ನ ಕೈಯಲ್ಲೇ ಇತ್ತು. ನಾನು “ಒಂದ ನಿಮಿಷ್ರಿ” ಅಂದೆ. ಇನ್ನಷ್ಟು ವೇಗ ಬಂದರೆ ಅಕ್ಷರ ನಿಲ್ಲುತ್ತದೆ ಎಂದು ಕಾದೆ. ಆ ನಡುಕಕ್ಕೇ ನಟ್ಟು ಸಡಿಲಾಗುತ್ತಿತ್ತು. ಮರುಗಳಿಗೆಗೆ ಕಳಚಿತು, ಪಟ್ಟಿ ಹಾರಿತು. ತೊಟ್ಟಿಲ ಕಡೆಗೆ ಹಾರಲಿಲ್ಲ. ಫೋಟೋ ತೆಗೆಯಲು ಎದುರಿಗೆ ನಿಂತಿದ್ದ ಈರಣ್ಣನ ಎಡಗಣ್ಣಿಗೆ ಬಡಿಯಿತು. ತೊಟ್ಟಿಲು ಅವನಿಂದ ಮೂರು ಮೊಳ ದೂರದಲ್ಲಿತ್ತು.

ಎಲ್ಲರೂ ಅವನ ಕಡೆಗೆ ಓಡಿದರು. ನಾನೂ ಓಡಿದೆ. ಆದರೆ ಓಡುವ ಮೊದಲು — ಇದನ್ನು ಬರೆಯುವುದೇ ಕಷ್ಟ — ಬಗ್ಗಿ, ಮಂಚದ ಕೆಳಗೆ ಸಿಡಿದು ಬಿದ್ದಿದ್ದ ಆ ದಪ್ಪ ಬ್ಯಾಟರಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಮ್ಮ ಕೂಗುತ್ತಿದ್ದ. ನನ್ನ ಕೈ ಮೊದಲು ಹೋದದ್ದು ಬ್ಯಾಟರಿಗೆ.

ಹೊಸ್ತಿಲ ಹತ್ತಿರ ಯಾರಿಗೋ ನಟ್ಟು ಸಿಕ್ಕಿತು. “ಬಿಗಿನ ಮಾಡಿಲ್ಲ ನೋಡ್ರಿ ಇದನ್ನ” ಅಂದರು. ಎಲ್ಲರೂ ನಿಮ್ಮತ್ತ ತಿರುಗಿದರು. ನೀವು ನನ್ನತ್ತ ನೋಡಿದಿರಿ. ನಾನು ನೆಲ ನೋಡಿದೆ.

ಮೂರನೆಯ ದಿನ ನೀವು ಕಣ್ಣಿನ ದವಾಖಾನೆಗೆ ಬಂದಿದ್ದಿರಿ. ಈರಣ್ಣ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವನು ನಿಮ್ಮ ದನಿ ಕೇಳುತ್ತಲೇ, “ಕೈಯಾಗ ಕಸುವಿಲ್ಲ ಅಂದ್ರ ಅಂಗಡಿ ಬಾಗಲಾ ಹಾಕ್ರಿ. ಮಂದೀ ಕಣ್ ಯಾಕ ಕಳೀತೀರಿ?” ಅಂದ. ನೀವು ತಲೆ ತಗ್ಗಿಸಿಕೊಂಡು ಹೊರಗೆ ಬಂದು ನನಗೆ ಮೆಲ್ಲಗೆ ಹೇಳಿದಿರಿ: “ಆ ಪಟ್ಟಿ ಅಂಗಡಿಗೆ ತಗೊಂಡ್ ಬಾರವಾ. ಒಮ್ಮೆ ನೋಡೂಣು.”

ಪಟ್ಟಿಯನ್ನು ತಂದೆ. ತರುವ ಮೊದಲು ಚಿಕ್ಕ ಬ್ಯಾಟರಿಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದೆ. ಪ್ರಯೋಗದಲ್ಲಿ ಏನು ಬಂತೋ ಅದನ್ನೇ ಬರೆಯಬೇಕು, ಪಕ್ಕದವರದ್ದು ನೋಡಿ ಅಂಕಿ ತಿದ್ದಬಾರದು ಎಂದು ಮಕ್ಕಳ ವಹಿಯಲ್ಲಿ ಕೆಂಪು ಶಾಯಿಯಿಂದ ಬರೆಯುವ ಮಹಾತಾಯಿ ನಾನು. ನೀವು ಪಟ್ಟಿಯನ್ನು ಬ್ಲೇಡುಗಳ ಮೇಲೆ ಇಟ್ಟಿರಿ. ಹೇಗೆ ಬಿಟ್ಟರೂ ಬಿಟ್ಟಲ್ಲೇ ನಿಂತಿತು. ಕಡ್ಡಿ ತೆಗೆದು, ಪಟ್ಟಿಯನ್ನು ತಿರುವಿ ತೂರಿಸಿ ಮತ್ತೆ ಇಟ್ಟು ನೋಡಿದಿರಿ.

“ತೂಕಾ ಬರೋಬ್ಬರಿನ ಐತಿ. ಮತ್ತ ಆ ಸಪ್ಪಳಾ... ಖರೇ ಹೇಳವಾ ಗಿರಿಜಾ. ನಾ ನಟ್ ಬಿಗಿ ಮಾಡಿದ್ದಿಲ್ಲೇನು?”

“ಮರ್ತಿರಬೇಕ್ರಿ ಕಾಕಾ,” ಅಂದೆ. “ವಯಸ್ಸಾತಲ್ರಿ.”

ಗೊತ್ತಿಲ್ಲ ಎನ್ನಬಹುದಿತ್ತು. ಸುಮ್ಮನಿರಬಹುದಿತ್ತು. ವಯಸ್ಸಾಯಿತು ಎಂದು ಸೇರಿಸಲು ನನಗೆ ಯಾರೂ ಹೇಳಿರಲಿಲ್ಲ. ನೀವು ಎರಡೂ ಅಂಗೈ ತಿರುಗಿಸಿ ನೋಡಿಕೊಂಡಿರಿ. “ಹೌದವಾ, ಇರಬೇಕು” ಅಂದಿರಿ. ಪಾನಾ ಎತ್ತಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದಿರಿ. ತಿಂಗಳೊಳಗೆ ಅಂಗಡಿಯನ್ನೂ ಮುಚ್ಚಿದಿರಿ.

ಈರಣ್ಣನಿಗೆ ಆ ಕಣ್ಣಿನಲ್ಲಿ ಬೆಳಕು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಕಾಳಿನ ಮಾದರಿಯನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡುತ್ತಾನೆ. ಮನೆಗೆ ಯಾರೇ ಬಂದರೂ ನಿಮ್ಮ ಕಥೆ ಹೇಳುತ್ತಾನೆ. ಸೃಷ್ಟಿಯೂ ಅದನ್ನು ಕೇಳಿಯೇ ಬೆಳೆದಳು. ನಾನು ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ನೀವೋ — ಪ್ರತಿ ರಂಜಾನ್ ಹಬ್ಬಕ್ಕೂ ನಮ್ಮ ಮನೆಗೆ ಶಾವಿಗೆಯ ಸುರಕುಂಬಾ ಕಳಿಸುತ್ತಿದ್ದಿರಿ. “ಈರಣ್ಣಗ ನನ್ನ ಮ್ಯಾಲಿನ ಸಿಟ್ಟು ಹೋತೇನು ಕೇಳ್” ಎಂದು ಹೇಳಿ ಕಳಿಸುತ್ತಿದ್ದಿರಿ. ಅವನು ಮುಟ್ಟುತ್ತಿರಲಿಲ್ಲ. ಕೆಡಬಾರದೆಂದು ನಾನು ತಿನ್ನುತ್ತಿದ್ದೆ. ಹನ್ನೆರಡು ಸಲ ತಿಂದಿದ್ದೇನೆ, ಕಾಕಾ.

ನೀವು ಹೋದ ಮೇಲೆ ಚಾಚಿಯನ್ನು ಮಾತಾಡಿಸಲು ಹಳೇ ಹುಬ್ಬಳ್ಳಿಯ ನಿಮ್ಮ ಮನೆಗೆ ಬಂದಾಗ ಅವರು ಹೇಳಿದ್ದು ಇದು: ಅಂಗಡಿ ಮುಚ್ಚಿದ ಮೇಲೆ ನೀವು ಗ್ಯಾಸಿನ ಗುಬ್ಬಿಯನ್ನು ಕೂಡ ನಂಬಿ ತಿರುಗಿಸುತ್ತಿರಲಿಲ್ಲವಂತೆ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬರುತ್ತಿದ್ದಿರಂತೆ. “‘ನಾ ಹಾಕೀನೇನ ನೋಡ, ನಾ ಹಾಕೀನೇನ ನೋಡ’ ಅಂತ ನನ್ನ ಕೈ ಹಿಡದು ಕೇಳ್ತಿದ್ರವಾ” ಅಂದರು. ಆಮೇಲೆ ಒಳಗೆ ಹೋಗಿ ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿದ ಗಂಟು ತಂದು ನನ್ನ ಮಡಿಲಿಗೆ ಇಟ್ಟರು. ಆ ಮರದ ತುಂಡು. ಎರಡು ಬ್ಲೇಡು.

“ಗಿರಿಜವ್ವಗ ಕೊಡು ಅಂದಿದ್ರು. ಮುಂದ ಏನರೆ ತಿರಗೂದು ಮಾಡಿದ್ರ ಇದರ ಮ್ಯಾಲ ಇಟ್ಟು ನೋಡು, ಮತ್ತ ನಟ್ ನೀನ ಬಿಗಿ ಮಾಡು, ಯಾರ ಕೈನೂ ನಂಬಬ್ಯಾಡ ಅಂತ ಹೇಳಂದ್ರು.”

ಆಗಲೂ ನಾನು ಹೇಳಲಿಲ್ಲ. ಗಂಟು ತೆಗೆದುಕೊಂಡು, ಚಾಚಿಯ ಕೈ ಹಿಡಿದು ಅತ್ತು, ಆಟೋ ಹತ್ತಿ ಬಂದೆ. ನಿಮ್ಮ ಸಾವಿಗೆ ಅಳುತ್ತಿದ್ದೇನೆಂದು ಅವರು ನನ್ನನ್ನೇ ಸಮಾಧಾನ ಮಾಡಿದರು.

ಈರಣ್ಣನ ಹಂಗಿನಲ್ಲಿ ಇದ್ದೆ, ಹೆದರಿದ್ದೆ ಎಂದು ಬರೆದು ನೋಡಿದೆ, ಹೊಡೆದು ಹಾಕಿದೆ. ಅವನು ನನ್ನನ್ನು ಮನೆಯಿಂದ ಹಾಕುತ್ತಿರಲಿಲ್ಲ. ಬೈದು, ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ “ಅಕ್ಕಾ, ಚಹಾ ಮಾಡು” ಅನ್ನುತ್ತಿದ್ದ. ಅಷ್ಟನ್ನು ತಪ್ಪಿಸಿಕೊಳ್ಳಲು ನಿಮ್ಮ ಕಸುಬು ಕೊಟ್ಟೆ.

ಇವತ್ತು ಮಧ್ಯಾಹ್ನ ಆ ಪಟ್ಟಿಯನ್ನು ಟ್ರಂಕಿನಿಂದ ಹೊರಗೆ ತೆಗೆದೆ. ದಪ್ಪ ಬ್ಯಾಟರಿಯೂ ಅಲ್ಲೇ ಇತ್ತು — ಎಸೆಯಲು ಧೈರ್ಯವಿರಲಿಲ್ಲ. ಒಂದು ಮೂಲೆ ಜಜ್ಜಿಹೋಗಿ ಹೊಟ್ಟೆ ಉಬ್ಬಿಸಿಕೊಂಡಿದೆ. ಅದನ್ನು ಕಟ್ಟಿ ಪಟ್ಟಿಯನ್ನು ನಿಮ್ಮ ಬ್ಲೇಡುಗಳ ಮೇಲೆ ಇಟ್ಟು ಕೈ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕಡೆಗೆ ಕುಸಿಯಿತು. ಬಿಚ್ಚಿ ಚಿಕ್ಕದನ್ನು ಹಾಕಿದೆ. ಮೇಲಕ್ಕೆ ಬಿಟ್ಟೆ, ಅಡ್ಡ ಬಿಟ್ಟೆ, ಓರೆಯಾಗಿ ಬಿಟ್ಟೆ. ಹನ್ನೆರಡು ವರ್ಷದ ಮೇಲೂ ಬಿಟ್ಟಲ್ಲೇ ನಿಂತಿತು. ನೀವು ಇರಬೇಕಿತ್ತು. ನಿಮ್ಮ ಕೈಕೆಲಸವನ್ನು ನೀವೇ ನೋಡಬೇಕಿತ್ತು.

ನಾಳೆ ಇದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ. ಎಲ್ಲಿಗೆ, ಯಾಕೆ ಎಂದು ಈರಣ್ಣ ಎರಡು ಸಲ ಕೇಳಿದ್ದಾನೆ. ಚಾಚಿಯ ಮನೆಗೆ, ಅಲ್ಲಿಯೇ ಹೇಳುತ್ತೇನೆ ಅಂದಿದ್ದೇನೆ. ಅವನು ಬರಲು ಒಪ್ಪಿದ್ದಾನೆ. ಚಾಚಿಯ ಮುಂದೆ ಎರಡೂ ಬ್ಯಾಟರಿ ಕಟ್ಟಿ ತೋರಿಸುತ್ತೇನೆ. ಆಮೇಲೆ ಅವರು ನನ್ನನ್ನು ಹೊಸ್ತಿಲು ತುಳಿಯಬೇಡ ಅಂದರೆ ತುಳಿಯುವುದಿಲ್ಲ. ಕ್ಷಮಿಸಿ ಎಂದು ಕೇಳುವುದೂ ಇಲ್ಲ. ಕ್ಷಮೆ ಕೊಡಬೇಕಾದವರು ನೀವಿದ್ದಿರಿ.

ಅವತ್ತು ಅಂಗಡಿಯಲ್ಲಿ ನೀವು ಕೇಳಿದಿರಲ್ಲ, ಖರೇ ಹೇಳು ಅಂತ —

ನಟ್ ನೀವು ಬಿಗಿ ಮಾಡಿದ್ರಿ, ಕಾಕಾ. ಬ್ಯಾಟರಿ ಬದಲಿ ಮಾಡಿದಾಕಿ ನಾನು.